ಒರೆಸದ ಗಾಜು

"ಕಾಕಾ, ಖರೇ ಹೇಳ್ರಿ. ಕೆರಿ ನೀರು ಹಸಿರ ಆಗ್ಯಾದೇನು?"

ತೆಪ್ಪದಲ್ಲಿ ಕೂತಿದ್ದ ಅಂಬರಾಯ ಫೋನನ್ನು ಕಿವಿಗೆ ಒತ್ತಿಕೊಂಡ. ಕಲಬುರಗಿಯ ನೀರು ಸರಬರಾಜು ಕಚೇರಿಯಿಂದ ರಾಜೇಶ್ವರಿ ಮೇಡಂ. ಚಿಮ್ಮನಚೋಡದ ಆಚೆಯ ಈ ಕೆರೆಯ ನಡುವೆ ಅವರು ತೇಲಿಬಿಟ್ಟ ಹಳದಿ ಡಬ್ಬಿಯ ಕೆಳಗೆ, ನೀರೊಳಗೆ, ಒಂದು ಗಾಜಿನ ಕಣ್ಣಿತ್ತು. ನೀರಲ್ಲಿ ಪಾಚಿ ಎಷ್ಟಿದೆಯೆಂದು ಅದು ನಿಮಿಷಕ್ಕೊಮ್ಮೆ ಕಚೇರಿಗೆ ತಿಳಿಸುತ್ತಿತ್ತು. ವಾರಕ್ಕೊಮ್ಮೆ ಆ ಗಾಜನ್ನು ಒರೆಸುವುದಷ್ಟೇ ಅಂಬರಾಯನ ಕೆಲಸ.

ಒರೆಸಿದ ವಾರ ಯಾರೂ ಫೋನ್ ಮಾಡುತ್ತಿರಲಿಲ್ಲ. ಎಲ್ಲ ನೆಟ್ಟಗೆ ಮಾಡಿದವನನ್ನು ಯಾರು ಕೇಳುತ್ತಾರೆ? ಆಷಾಢದಲ್ಲಿ ಜ್ವರ ಬಂದು ಎರಡು ವಾರ ತಪ್ಪಿದಾಗ ಗಾಜಿಗೆ ಪಾಚಿ ಹಿಡಿದು, ಯಂತ್ರ ಅದನ್ನೇ ಕೆರೆಯ ಪಾಚಿಯೆಂದು ಎಣಿಸಿ ಅಂಕಿ ಏರಿಸಿತು, ಮೇಡಂ ಫೋನ್ ಮಾಡಿದರು. ಜ್ವರ ವಿಚಾರಿಸಿದರು, ಗುಳಿಗೆ ನುಂಗಿದಿರಾ ಎಂದರು. ಹೆಂಡತಿ ಭೀಮಬಾಯಿ ತೀರಿಕೊಂಡು ಮೂರು ವರ್ಷ. ಅಲ್ಲಿಂದೀಚೆಗೆ ಹಾಗೆ ಕೇಳಿದವರು ಇನ್ನೊಬ್ಬರಿಲ್ಲ. ಆಮೇಲೆ ಅಂಬರಾಯ ಬೇಕೆಂದೇ ಒರೆಸುವುದನ್ನು ಬಿಟ್ಟ. ಐವತ್ತೈದರ ಗಂಡಸಿಗೆ ಇದೆಂಥ ಬುದ್ಧಿ ಎಂದು ತನ್ನನ್ನೇ ಬೈದುಕೊಂಡ, ಆದರೂ ಒರೆಸಲಿಲ್ಲ.

"ಉಪಗ್ರಹದ ಫೋಟೋದಾಗ ಹದಿನೈದು ದಿನದಿಂದ ಬರೀ ಮೋಡ ಅದ, ಏನೂ ಕಾಣ್ಸಲ್ಲ. ಈ ಯಂತ್ರ ನಂಬಿ ಮೂರು ಊರಿನ ನಳದ ನೀರು ಬಂದ್ ಮಾಡ್ಸಾಕತ್ತೀನಿ."

ಅಂಬರಾಯ ಬಗ್ಗಿ ನೋಡಿದ. ತೆಪ್ಪದ ಸುತ್ತ ನೀರು ತಿಳಿಯಾಗೇ ಇತ್ತು.

"ಬ್ಯಾಡ್ರಿ ಮೇಡಂ, ನೀರು ಛಲೋ ಅದ. ನಾನೇ ಗಾಜು ಒರಸಿಲ್ರಿ."

"ಯಾಕ್ರಿ?"

"ನೀವು ಫೋನ್ ಮಾಡ್ತೀರಂತ."

ಅಂಬರಾಯ ಬೈಗುಳಕ್ಕೆ ಕಾದ. ಸಿಟ್ಟು ಬಂದಿರಬೇಕು, ಬರಬೇಕಾದ್ದೇ.

"ಮುಂದಿನ ವಾರ ತಾನೇ ಒರಸ್ಕೊಳ್ಳೋ ಯಂತ್ರ ಬರ್ತದ," ಎಂದರು ಮೇಡಂ. "ನೀವು ಬರೋದು ಬ್ಯಾಡ. ಈಗೊಂದಿಷ್ಟು ಒರಸ್ರಿ. ಅಂಕಿ ಇಳಿಯೋತನಕ ಲೈನ್‌ದಾಗೇ ಇರ್ತೀನಿ."

ಫೋನಿನ ದನಿ ಜೋರು ಮಾಡಿ ಪಕ್ಕಕ್ಕಿಟ್ಟ. ಬಟ್ಟೆ ಹಿಡಿದು ಡಬ್ಬಿಯ ಕೆಳಗೆ ಮೊಣಕೈತನಕ ಕೈಯಿಳಿಸಿದ. ಗಾಜು ಲೋಳೆಗಟ್ಟಿತ್ತು.

"ಅರವತ್ತು," ಎಂದರು ಮೇಡಂ. "ನಲವತ್ತೈದು... ಇಳಿಲಿಕತ್ತದ."

ಇನ್ನು ಬೆರಳಗಲದಷ್ಟೇ ಪಾಚಿ ಉಳಿದಿರುವುದು ಅವನ ಹೆಬ್ಬೆರಳಿಗೆ ತಿಳಿಯಿತು. ಕೈ ಹೊರಗೆ ತೆಗೆದು ಬಟ್ಟೆ ಹಿಂಡಿದ. ಅದ್ದಿ, ಮತ್ತೆ ಹಿಂಡಿದ.

"ಕಾಕಾ, ಒರಸಾಕತ್ತೀರೇನು?"

"ಒರಸಾಕತ್ತೀನ್ರಿ," ಎಂದು ಇನ್ನೊಮ್ಮೆ ಹಿಂಡಿದ.