ಎಂಟನೇ ನಂಬರಿನ ಕಾರಿನ ತಿರುವು

"ಬಾಯಿ ಇನ್ನೂ ಸ್ವಲ್ಪ ದೊಡ್ಡದು ಮಾಡಕ್ಕಾ," ಎಂದರು ಹಲ್ಲಿನ ಡಾಕ್ಟರು.

ಅಕ್ಕ ಬಾಯಿ ತೆರೆದಳು. ಆದರೆ ತಮ್ಮನ ಮುಖ ನೋಡಲಿಲ್ಲ, ಚಾವಣಿಯ ಫ್ಯಾನನ್ನೇ ನೋಡುತ್ತಿದ್ದಳು. ಅವಳು ಇವರ ಜೊತೆ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. ಇವತ್ತೂ ಬರುತ್ತಿರಲಿಲ್ಲ. ಊರಿನ ಇನ್ನೊಬ್ಬ ಹಲ್ಲಿನ ಡಾಕ್ಟರು ಸರಿಯಾದ ಹೊತ್ತು ನೋಡಿ ರಜೆ ಹಾಕಿದ್ದರು, ಅವಳ ದವಡೆ ಹಲ್ಲಿಗೆ ಮನಸ್ತಾಪ ಗಿನಸ್ತಾಪ ಗೊತ್ತಿರಲಿಲ್ಲ. ರಾತ್ರಿಯೆಲ್ಲ ನರಳಿ, ಬೆಳಿಗ್ಗೆ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಬಂದು, ಒಂದು ಮಾತೂ ಆಡದೆ ಕುರ್ಚಿಯ ಮೇಲೆ ಮಲಗಿದ್ದಳು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ದವಡೆ ಮರಗಟ್ಟುವ ತನಕ ಕಾಯಬೇಕು. ಬಾಯಿ ತೆರೆದುಕೊಂಡಿರುವ ಅಕ್ಕನಷ್ಟು ಒಳ್ಳೆಯ ಕೇಳುಗರು ಮತ್ತೆ ಸಿಗುವುದಿಲ್ಲ ಎಂದುಕೊಂಡು ಮಾತು ತೆಗೆದರು.

"ಭಾವ ಹೇಗಿದಾರೆ?"

ಅಕ್ಕ ಹತ್ತಿಯುಂಡೆಯನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳಿದಳು. "ಲಾರಿ ತರಿಸಿದಾರೆ. ಸಾಮಾನು ತುಂಬ್ತಿದಾರೆ. ಸೋಮವಾರ ಶೆಡ್ ಕೆಡವೋಕೆ ನಿಮ್ಮವರು ಜೆಸಿಬಿ ತರಿಸ್ತಾರಲ್ಲ, ಅಷ್ಟರೊಳಗೆ ಖಾಲಿ ಮಾಡ್ಬೇಕಲ್ಲ."

'ನಿಮ್ಮವರು' ಎಂದರೆ ಹಳೇ ಮೋಟಾರು ಸಂಘದವರು. ಊರಿನ ಬೆಟ್ಟದ ದಾರಿಯಲ್ಲಿ ತಾತಂದಿರ ಕಾಲದಲ್ಲಿ ಕಾರಿನ ರೇಸು ನಡೆದಿತ್ತು. ಟಾರು ಕಾಣದ ರಸ್ತೆ, ಕುದುರೆ ಗಾಡಿಗಳು ಬದಿಗೆ ಸರಿದು ದಾರಿ ಬಿಟ್ಟ ರಸ್ತೆ. ಆ ರೇಸಿನದು ಉಳಿದದ್ದು ಒಂದೇ ಒಂದು ಫೋಟೋ. ಗೆದ್ದ ಕಾರು ಧೂಳೆಬ್ಬಿಸಿಕೊಂಡು ತಿರುವು ಹೊರಳುತ್ತಿದೆ, ಮೂತಿಯ ಮೇಲೆ ಎಂಟು ಅಂತ ನಂಬರು, ಬಲಕ್ಕೆ ಸೀಳು ಬಿಟ್ಟ ಬಂಡೆ. ಹತ್ತಾರು ಜನ ಸೇರಿ ಕಟ್ಟಿಕೊಂಡ ಸಂಘಕ್ಕೆ ಆ ಫೋಟೋವೇ ಮನೆದೇವರು. ತಿರುವು ಎಲ್ಲಿದೆ ಎಂದು ಭಾನುವಾರ ಭಾನುವಾರ ಬೆಟ್ಟ ಹತ್ತಿ ಹುಡುಕಿದರು. ಬಲಕ್ಕೆ ಬಂಡೆಯಿದ್ದ ತಿರುವು ದಾರಿಯುದ್ದಕ್ಕೂ ಒಂದೇ. ಅದರ ಒಳಮಗ್ಗುಲಲ್ಲಿ, ರಸ್ತೆ ಇಲಾಖೆಯ ಜಾಗದಲ್ಲಿ, ಭಾವನ ಟಿಂಕರಿಂಗ್ ಶೆಡ್ ಇತ್ತು. ಬಂಡೆಯಲ್ಲಿ ಸೀಳೂ ಸಿಕ್ಕಿತು. ಬೇಕೇ ಬೇಕು ಅಂತ ನೋಡುವವರಿಗೆ ಯಾವ ಬಂಡೆ ತಾನೇ ಸೀಳು ತೋರಿಸುವುದಿಲ್ಲ.

ಅಲ್ಲಿ ಕಲ್ಲು ನೆಡಬೇಕು, ಹಳೇ ರಸ್ತೆಯ ಅಷ್ಟು ತುಂಡನ್ನು ಇದ್ದ ಹಾಗೇ ಕಾಪಾಡಬೇಕು, ಶೆಡ್ ತೆಗೆಸಬೇಕು ಎಂದು ಇಲಾಖೆಗೆ ಬರೆದ ಅರ್ಜಿಗೆ ಕಾರ್ಯದರ್ಶಿಯಾಗಿ ಸಹಿ ಹಾಕಿದವರು ಡಾಕ್ಟರೇ. ಚರಿತ್ರೆಯ ಮುಂದೆ ನೆಂಟಸ್ತಿಕೆ ನೋಡಬಾರದು ಎಂದು ಸಭೆಯಲ್ಲಿ ಭಾಷಣ ಬೇರೆ ಬಿಗಿದಿದ್ದರು. ಸಂಘದ ಅಷ್ಟೂ ಕಾರುಗಳ ನೆಗ್ಗು ತೆಗೆದು, ಕೂಲಿ ಎಂದರೆ ಕೈ ಆಡಿಸಿ ಕಳಿಸುತ್ತಿದ್ದ ಭಾವ ಆ ದಿನ ಹೇಳಿದ್ದು ಇಷ್ಟೇ: "ಕಾರು ಓಡಿದ ಜಾಗ ಉಳೀಬೇಕು. ಕಾರು ರಿಪೇರಿ ಮಾಡೋ ಜಾಗ ಹೋದ್ರೆ ಏನಂತೆ." ಆಮೇಲೆ ಎದುರಿಗೆ ಸಿಕ್ಕರೂ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

"ಊರಾಚೆ ಬೇರೆ ಜಾಗ ಕೊಡಿಸ್ತೀನಿ ಅಂದಿದೀನಲ್ಲಕ್ಕಾ."

"ಊರಾಚೆಗೆ ನೆಗ್ಗಿದ ಕಾರು ಯಾರು ತರ್ತಾರೋ? ಈ ವಯಸ್ಸಲ್ಲಿ ಅವರು ಇನ್ನೊಂದು ಕಡೆ ಹೋಗಿ ಬೋರ್ಡ್ ಹಾಕ್ತಾರಾ? ಮನೇಲಿ ಕೂತು ಗೋಡೆ ನೋಡ್ತಾರೆ ಅಷ್ಟೆ."

ಅಷ್ಟರಲ್ಲಿ ಸಂಘದ ಸದಸ್ಯನೇ ಆದ ಫೋಟೋ ಸ್ಟುಡಿಯೋದವನು ಟವೆಲಿನಲ್ಲಿ ಸುತ್ತಿದ್ದ ಏನನ್ನೋ ಎದೆಗವಚಿಕೊಂಡು ಬಂದ. ರೇಸಿನ ಫೋಟೋ ತೆಗೆದವರ ಮನೆಯ ಅಟ್ಟ ಗುಡಿಸುವಾಗ ಸಿಕ್ಕಿತಂತೆ, ಆ ಫೋಟೋದ ಮೂಲ ಗಾಜು. ಆಗಿನ ಕಾಲದಲ್ಲಿ ಫಿಲ್ಮಿನ ಬದಲು ಗಾಜಿನ ಹಲಗೆಯ ಮೇಲೇ ಚಿತ್ರ ಮೂಡಿಸಿ, ಅದರಿಂದ ಕಾಗದಕ್ಕೆ ಇಳಿಸುತ್ತಿದ್ದರು. "ಅಂಗಡೀಲಿ ಗಿರಾಕಿ ಕಾಯ್ತಿದಾರೆ ಡಾಕ್ಟ್ರೇ, ನಿಮ್ಮ ಎಕ್ಸ್-ರೇ ಪೆಟ್ಟಿಗೆ ಮೇಲಿಟ್ಟು ನೋಡಿ, ಆಮೇಲೆ ಬರ್ತೀನಿ," ಎಂದು ಕೈಗಿಟ್ಟು ಹೋದ.

ಅಕ್ಕನ ಹಲ್ಲಿನ ಎಕ್ಸ್-ರೇ ಬೆಳಕಿನ ಪೆಟ್ಟಿಗೆಯ ಮೇಲೇ ಇತ್ತು. ಅಂಥ ಫಿಲ್ಮಿನ ಮೂಲೆಯಲ್ಲಿ ಕೈಗೆ ತಗಲುವ ಸಣ್ಣ ಉಬ್ಬು ಇರುತ್ತದೆ. ಉಬ್ಬು ತನ್ನ ಕಡೆಗಿದ್ದರೆ ಸರಿ, ಇಲ್ಲದಿದ್ದರೆ ಫಿಲ್ಮು ತಿರುಗುಮುರುಗಾಗಿದೆ, ಬಲಗಡೆಯ ಹಲ್ಲಿನ ಬದಲು ಎಡಗಡೆಯದನ್ನು ಕಿತ್ತು ಕೈಗೆ ಕೊಡಬೇಕಾದೀತು. ಆ ಉಬ್ಬನ್ನು ಮುಟ್ಟಿ ನೋಡದೆ ಡಾಕ್ಟರು ಯಾವತ್ತೂ ಇಕ್ಕಳ ಹಿಡಿದವರಲ್ಲ. ಆ ಎಕ್ಸ್-ರೇಯನ್ನು ಪಕ್ಕಕ್ಕೆ ಸರಿಸಿ ಗಾಜನ್ನು ಇಟ್ಟರು.

ಕಪ್ಪು ಬಿಳಿ ಅದಲುಬದಲಾದ ಅದೇ ಚಿತ್ರ. ಅದೇ ಕಾರು, ಬಲಕ್ಕೆ ಅದೇ ಬಂಡೆ. ಕಾಗದದ ಮೇಲೆ ಕತ್ತರಿಸಿಹೋಗಿದ್ದ ಅಂಚು ಇದರಲ್ಲಿ ಪೂರ್ತಿ ಇತ್ತು. ಅಲ್ಲೊಂದು ಎಣ್ಣೆ ಅಂಗಡಿ, ಮೇಲೆ ಹೆಸರಿನ ಹಲಗೆ. ಹಲಗೆಯ ಅಕ್ಷರ ಒಂದೂ ಓದಲಾಗಲಿಲ್ಲ. ಎಲ್ಲ ಕನ್ನಡಿಯೊಳಗಿನ ಅಕ್ಷರ.

ಡಾಕ್ಟರಿಗೆ ಮೊದಲು ಹಲಗೆ ಬರೆದವನ ಮೇಲೇ ಸಿಟ್ಟು ಬಂತು. ಆಮೇಲೆ ಉಗುರಿನ ತುದಿಯಿಂದ ಗಾಜಿನ ಎರಡೂ ಬದಿ ಮುಟ್ಟಿ ನೋಡಿದರು. ಒಂದು ಬದಿ ನುಣುಪು, ಒಂದು ಬದಿ ತರಿತರಿ; ಚಿತ್ರ ಮೂಡಿದ ಆ ತರಿ ಬದಿ ಮೇಲೆ ಬಂದಿತ್ತು. ಗಾಜನ್ನು ಮಗುಚಿ ಇಟ್ಟರು. ಅಂಗಡಿಯ ಹೆಸರು ನೆಟ್ಟಗಾಯಿತು. ಕಾರು ಆ ಕಡೆಯಿಂದ ಈ ಕಡೆಗೆ ತಿರುಗಿತು. ಬಂಡೆ ಎಡಕ್ಕೆ ಬಂದು ನಿಂತಿತು.

ಯಾವನೋ ಪುಣ್ಯಾತ್ಮ ಎಂದೋ ಗಾಜನ್ನು ಮಗುಚಿಟ್ಟು ಕಾಗದಕ್ಕೆ ಇಳಿಸಿದ್ದ. ಎರಡು ಸೊನ್ನೆ ಒಂದರ ಮೇಲೊಂದು ಕೂತ ಹಾಗಿದ್ದ ಎಂಟು ಯಾವ ಕಡೆಯಿಂದ ನೋಡಿದರೂ ಎಂಟೇ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಬರಬೇಕಾಗಿತ್ತು. ಆ ಕಾರಿನ ಸ್ಟಿಯರಿಂಗ್ ಇರಬಾರದ ಕಡೆ, ಎಡಕ್ಕೆ, ಯಾಕಿದೆ ಎಂದು ಸಂಘದ ಅಧ್ಯಕ್ಷರು ರೇಸಿನ ಚರಿತ್ರೆಯ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದರು. ಪರದೇಶದಿಂದ ಹಡಗಿನಲ್ಲಿ ತರಿಸಿದ ಅಪರೂಪದ ಗಾಡಿ ಎಂದು ಸಾಬೀತು ಮಾಡಿ ಚಪ್ಪಾಳೆ ಹೊಡೆಸಿಕೊಂಡಿದ್ದರು.

ಡಾಕ್ಟರು ಗಾಜಿನ ಮೇಲೆ ಟವೆಲು ಮುಚ್ಚಿದರು. ಸೋಮವಾರ ಕಳೆಯುವ ತನಕ ಅದು ಕಪಾಟಿನಲ್ಲಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕಲ್ಲು ಕೆತ್ತಿಸಿ ಆಗಿದೆ, ಪುಸ್ತಕ ಅಚ್ಚಾಗಿದೆ, ಊರಿನ ಮುಂದೆ ಮಾನ ಉಳಿಯುತ್ತದೆ. ಅಂಥ ಯೋಚನೆ ಬಂದದ್ದಕ್ಕೇ ಅವರ ಕಿವಿ ಬಿಸಿಯಾಯಿತು.

"ಏನಾಯ್ತೋ?" ಎಂದಳು ಅಕ್ಕ. ಅರ್ಧ ತುಟಿ ಅವಳ ಮಾತು ಕೇಳುತ್ತಿರಲಿಲ್ಲ. "ಹಲ್ಲು ಅಷ್ಟು ಕೆಟ್ಟಿದೆಯಾ? ಮುಖ ಯಾಕೆ ಹಾಗಾಯ್ತು?"

"ನಿನ್ನ ಹಲ್ಲಲ್ಲ. ನಾನು ಕೆಟ್ಟಿರೋದು. ಅಕ್ಕಾ, ನಾವು ಫೋಟೋನ ಉಲ್ಟಾ ನೋಡಿದ್ವಿ. ಆ ತಿರುವು ಭಾವನ ಶೆಡ್ ಹತ್ರ ಅಲ್ಲ."

ಅಕ್ಕ ಕುರ್ಚಿಯಿಂದ ಎದ್ದಳು. ಪೆಟ್ಟಿಗೆಯ ಹತ್ತಿರ ಬಂದು, ಟವೆಲು ತೆಗೆದು, ಅಂಗಡಿಯ ಹೆಸರನ್ನು ಮಗುವಿನ ಹಾಗೆ ಅಕ್ಷರ ಅಕ್ಷರವಾಗಿ ಓದಿದಳು. ಆಮೇಲೆ ಕೊರಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟಳು.

"ಹಲ್ಲು ಎಲ್ಲೂ ಓಡಿಹೋಗಲ್ಲ, ನಾಳೆ ಕೀಳು. ಈಗ ನೋವೂ ಇಲ್ಲ. ನಿಮ್ಮ ಅಧ್ಯಕ್ಷರಿಗೆ ಫೋನ್ ಮಾಡು, ನನ್ನ ಎದುರಿಗೇ ಮಾಡು."

ಅಧ್ಯಕ್ಷರು ರಸ್ತೆ ಇಲಾಖೆಯಲ್ಲೇ ಇಂಜಿನಿಯರಾಗಿ ನಿವೃತ್ತರಾದವರು. ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿ ಬಂದರು. ಗಾಜು ನೋಡಿದರು, ಮಗುಚಿ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

"ಹಾಗಾದ್ರೆ ನನ್ನ ಸ್ಟಿಯರಿಂಗ್ ಅಧ್ಯಾಯ?"

"ಹೋಯ್ತು ಸಾರ್."

"ಹಡಗು?"

"ಅದೂ ಮುಳುಗ್ತು."

ಅಧ್ಯಕ್ಷರು ಸ್ಟೂಲಿನ ಮೇಲೆ ಕೂತರು. ಡಾಕ್ಟರು ಬೈಗುಳಕ್ಕೆ ತಯಾರಾಗಿ ನಿಂತರು. ಅಧ್ಯಕ್ಷರು ದೊಡ್ಡದಾಗಿ ಉಸಿರುಬಿಟ್ಟು, "ಸದ್ಯ," ಎಂದರು. "ಅಲ್ಲ ಡಾಕ್ಟ್ರೇ, ನನ್ನ ಗಾಡಿ ಬಾಗಿಲು ಕೂರ್ತಾನೇ ಇರ್ಲಿಲ್ಲ. ಮೂರು ಕಡೆ ತೋರಿಸಿದ್ದೆ. ನಿಮ್ಮ ಭಾವ ಒಂದು ಮಧ್ಯಾಹ್ನದಲ್ಲಿ ಕೂರಿಸಿಕೊಟ್ರು. ಈಗ ಆ ಬಾಗಿಲು ಹಾಕಿದಾಗೆಲ್ಲ ಎದೆ ಚುಚ್ತದೆ. ನೀವೇ ಅವರ ಬಾಮೈದ, ನೀವೇ ತೆಗೆಸಿ ಅನ್ನುವಾಗ ನಾನೇನು ಬೇಡ ಅನ್ಲಿ?"

"ನೀವು ಬೇಡ ಅಂದಿದ್ರೆ ನಾನು ನಿಲ್ಲಿಸ್ತಿದ್ದೆ."

"ಚೆನ್ನಾಗಿದೆ ಇಬ್ಬರ ಕತೆ," ಎಂದಳು ಅಕ್ಕ. "ಕಚೇರಿ ಬಾಗಿಲು ಹಾಕೋದ್ರೊಳಗೆ ಹೊರಡಿ."

ಕಚೇರಿಗೆ ಹೋಗುವ ಮೊದಲು ಒಂದು ಸಲ ಕಣ್ಣಾರೆ ನೋಡಿಬಿಡೋಣ, ಎರಡನೇ ಸಲ ಮುಖಭಂಗ ಬೇಡ ಎಂದರು ಅಧ್ಯಕ್ಷರು. ಗಾಜನ್ನು ಅಕ್ಕನ ತೊಡೆಯ ಮೇಲಿಟ್ಟು ಮೂವರೂ ಕಾರಿನಲ್ಲಿ ಬೆಟ್ಟದ ದಾರಿ ಹತ್ತಿದರು. ಎಡಕ್ಕೆ ಬಂಡೆಯಿದ್ದ ತಿರುವಿಗಾಗಿ ಹುಡುಕುವ ಕೆಲಸವೇ ಇರಲಿಲ್ಲ. ನೀರಿನ ಪಂಪ್‌ಹೌಸ್ ಪಕ್ಕದಲ್ಲಿ, ಸಂಘದವರು ಪ್ರತಿ ಸಲವೂ ಕಾರು ನಿಲ್ಲಿಸಿ, ಇಂಜಿನ್ ತಣ್ಣಗಾಗಲಿ ಎಂದು ಕೂತು ತಿಂಡಿ ತಿನ್ನುವ ಜಾಗ ಅದು. ಅಧ್ಯಕ್ಷರು ಗಾಜನ್ನು ಎರಡೂ ಕೈಯಲ್ಲಿ ಎತ್ತಿ ಆಕಾಶಕ್ಕೆ ಹಿಡಿದರು. ಬಂಡೆಯ ಅಂಚು ಅಂಚಿಗೆ ಕೂತಿತು, ಸೀಳು ಸೀಳಿಗೆ ಕೂತಿತು. ಎಣ್ಣೆ ಅಂಗಡಿ ಇದ್ದ ಕಡೆ ಪಂಪ್‌ಹೌಸಿನ ಗೋಡೆ. ಕೆಡವುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ರಸ್ತೆ ತನ್ನ ಪಾಡಿಗೆ ತಾನು ಹೊರಳಿಕೊಂಡು ಮೇಲೆ ಹೋಗುತ್ತಿತ್ತು.

"ಇಷ್ಟು ವರ್ಷ ಇದಕ್ಕೆ ಬೆನ್ನು ಮಾಡಿ ಕೂತು ಉಪ್ಪಿಟ್ಟು..." ಎಂದು ಶುರುಮಾಡಿದ ಅಧ್ಯಕ್ಷರಿಗೆ ನಗು ತಡೆಯಲಾಗದೆ ಗಾಜು ಅಲ್ಲಾಡಿತು. ಅಕ್ಕ ಓಡಿಹೋಗಿ ಹಿಡಿದುಕೊಂಡಳು. ಅವಳೂ ನಕ್ಕಳು, ಅರ್ಧ ಮುಖದಲ್ಲಿ.

ರಸ್ತೆ ಕಚೇರಿಯ ಇಂಜಿನಿಯರು ಅಧ್ಯಕ್ಷರ ಕೈಕೆಳಗೆ ಕೆಲಸ ಕಲಿತವನು. ಅರ್ಜಿ ಹಿಂದಕ್ಕೆ ತಗೊಂಡಿದ್ದೇವೆ ಎಂದು ಡಾಕ್ಟರು ಬರೆದುಕೊಟ್ಟ ಕಾಗದ ಓದಿ, ಅವರೆದುರಿಗೇ ಜೆಸಿಬಿಯವನಿಗೆ ಫೋನ್ ಹಚ್ಚಿ ಸೋಮವಾರ ಬರಬೇಡ ಎಂದ. ಶೆಡ್ ಇಲಾಖೆಗೆ ಅಡ್ಡ ಬಂದಿರಲಿಲ್ಲ, ಸಂಘ ಕೇಳಿತೆಂದು ತೆಗೆಸಲು ಹೊರಟಿದ್ದರು, ಅಷ್ಟೆ. ಡಾಕ್ಟರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಷ್ಟೋ ದಿನದ ಮೇಲೆ ಹಸಿವಾಯಿತು.

ಶೆಡ್ಡಿನ ಮುಂದೆ ಲಾರಿ ಅರ್ಧ ತುಂಬಿತ್ತು. ಭಾವ ಗ್ಯಾಸ್ ಸಿಲಿಂಡರಿಗೆ ಹಗ್ಗ ಬಿಗಿಯುತ್ತಿದ್ದರು. ಅಕ್ಕ ಹತ್ತಿರ ಹೋಗಿ ಮರಗಟ್ಟಿದ ಬಾಯಲ್ಲೇ ಎಲ್ಲ ಹೇಳಿದಳು. ಅವರು ಒಂದು ಮಾತಿಗೂ ತಲೆಯೆತ್ತದೆ ಕೇಳಿದರು. ಡಾಕ್ಟರು ಮುಂದೆ ಬಂದು, "ತಪ್ಪಾಯ್ತು ಭಾವ," ಎಂದರು. "ಗಾಜು ಸಿಗದೇ ಇದ್ರೂ ತಪ್ಪೇ. ತಿರುವು ಇಲ್ಲೇ ಇದ್ದಿದ್ರೂ ನಾನು ಆ ಸಹಿ ಹಾಕಬಾರದಿತ್ತು."

ಭಾವ ಹಗ್ಗದ ಗಂಟನ್ನು ಬಿಚ್ಚತೊಡಗಿದರು. ಕಣ್ಣು ಒದ್ದೆಯಾಗಿದ್ದನ್ನು ತೋಳಿನಿಂದ ಒರೆಸಿಕೊಂಡರು. ಲಾರಿಯವನು ಬಾಡಿಗೆ ಪೂರ್ತಿ ಕೊಡಬೇಕು ಎಂದು ಗೊಣಗಿದ; ಅಧ್ಯಕ್ಷರು ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋದರು.

ಡಾಕ್ಟರು ಕೋಟು ಬಿಚ್ಚಿ ಅಕ್ಕನ ಕೈಗೆ ಕೊಟ್ಟು ಲಾರಿಯ ಹಿಂಬದಿಗೆ ಹೋದರು. ಕಬ್ಬಿಣದ ಬೆಂಚಿನ ಒಂದು ತುದಿ ಭಾವ ಹಿಡಿದರು, ಇನ್ನೊಂದು ಇವರು. ಇವರ ತುದಿ ಲಾರಿಯ ಹಲಗೆ ಬಿಟ್ಟು ಏಳಲೇ ಇಲ್ಲ.

"ಬೆನ್ನು ಬಗ್ಗಿಸ್ಬೇಡ, ಮಂಡಿ ಬಗ್ಗಿಸು," ಎಂದರು ಭಾವ. ಆಮೇಲೆ, "ಬೆರಳು ಜೋಪಾನ."

ಬೆಂಚು ಒಳಗೆ ಹೋಯಿತು, ಸಿಲಿಂಡರು ಹೋಯಿತು, ಸುತ್ತಿಗೆಗಳು ಗೋಡೆಯ ಮೊಳೆಗಳಿಗೆ ಹಿಂದಿರುಗಿದವು. ಸಾಮಾನು ಇಳಿಸಿದ ಮೇಲೂ ಡಾಕ್ಟರು ಹೋಗಬೇಕೋ ಇರಬೇಕೋ ತಿಳಿಯದೆ ಬಾಗಿಲ ಹತ್ತಿರ ನಿಂತರು. ಭಾವ ಯಾರದೋ ಕಾರಿನ ನೆಗ್ಗಿದ ಮಡ್ಗಾರ್ಡನ್ನು ಬೆಂಚಿನ ಮೇಲಿಟ್ಟು, ಬೆರಳಿನಿಂದ ನೆಗ್ಗಿನ ಸುತ್ತ ಒಂದು ಸಲ ಸವರಿದರು. ಸುತ್ತಿಗೆ ಎತ್ತಿಕೊಂಡು, ಇವರ ಕಡೆ ನೋಡದೆಯೇ, "ಆ ತುದಿ ಹಿಡ್ಕೊ," ಎಂದರು.

ಡಾಕ್ಟರು ಎರಡೂ ಕೈಯಿಂದ ಹಿಡಿದುಕೊಂಡರು. ಏಟು ಬಿದ್ದಾಗೆಲ್ಲ ತಗಡಿನ ನಡುಕ ಭುಜದ ತನಕ ಏರುತ್ತಿತ್ತು.