ಏಣಿ ಹಿಡಿದವನು

ಏಣಿ ಬಾಗಿಲಲ್ಲಿ ಸಿಕ್ಕಿಕೊಂಡಿತು.

"ಓರೆ ಮಾಡ್ರೋ, ಓರೆ! ನಲವತ್ತು ವರ್ಷ ಇದೇ ಬಾಗಿಲಲ್ಲಿ ಏಣಿ ಆಚೆ ಈಚೆ ಮಾಡಿದಾನೆ ಅವ್ನು. ಒಂದು ದಿನ ಚೌಕಟ್ಟಿಗೆ ತಾಗಿಸಿದ್ದಿಲ್ಲ," ಎಂದು ಮುದುಕ ಮಿಶೋ ಬೀದಿಯಿಂದ ಕೂಗಿದ.

"ಕೂಗೋ ಬದಲು ಒಂದು ಕೈ ಹಾಕು ಮಾವ," ಎಂದಳು ಒಳಗಿನಿಂದ ಉದೀನ್.

"ನಾನು ದೋಣಿಯವನು ಕಣಮ್ಮ. ಮರ ನೀರಿನ ಮೇಲಿದ್ರೆ ಮಾತ್ರ ನಂಗೆ ಅರ್ಥವಾಗೋದು."

ಹೆಣ ತೊಳೆದು ಬಟ್ಟೆ ಹೊಲಿದಿದ್ದ ನೆರೆಮನೆಯ ಮಾಬೀಲ್ ಅತ್ತೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಳ್ಳುತ್ತ, "ನಿನಗೆ ಹೆಂಡ ಮಾತ್ರ ಅರ್ಥವಾಗೋದು," ಎಂದಳು. ನಾಲ್ವರು ಕೆಲಸಗಾರರು ಏಣಿಯನ್ನು ಓರೆ ಮಾಡಿದರು. ಅದು ಸಲೀಸಾಗಿ ಒಳಗೆ ಬಂತು.

ಒರ್ಲೆಯಾಂ ಪಟ್ಟಣದಲ್ಲಿ ಮಾಡಿಗೆ ಕಲ್ಲುಹೆಂಚು ಹೊದೆಸುವವರು ಸತ್ತರೆ ಇಗರ್ಜಿಯ ಚಟ್ಟ ತರಿಸುವುದಿಲ್ಲ. ಸತ್ತವನ ಸ್ವಂತ ಏಣಿಯ ಮೇಲೆ ಮಲಗಿಸಿ, ಕಾಲು ಮುಂದಾಗಿ ಒಯ್ಯುತ್ತಾರೆ. ಉದೀನಳ ಅಪ್ಪ ತಿಬೋನ ಏಣಿ ಹದಿನಾಲ್ಕು ಮೆಟ್ಟಿಲಿನದು. ಅರವತ್ತಮೂರು ವರ್ಷ ಬದುಕಿದ ಅವನು ಯಾವ ಮಾಡಿನಿಂದಲೂ ಬೀಳಲಿಲ್ಲ. ಹದಿನೈದು ದಿನ ಕೆಮ್ಮಿ, ಹಾಸಿಗೆಯಲ್ಲೇ ಸತ್ತ.

"ಇದೇ ಅಲ್ವೇನೇ ಆ ಏಣಿ? ಕನ್ಯೆ ಹತ್ತಿದ್ದು?" ಮಾಬೀಲ್ ಅತ್ತೆ ಏಣಿಯ ಪಕ್ಕದ ಗಳವನ್ನು ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಂಡಳು.

"ಅಲ್ಲ ಅತ್ತೆ. ಅದನ್ನ ಅವತ್ತು ಸಂಜೆಯೇ ಸೈನಿಕರು ಮುರಿದು ಒಲೆಗೆ ಹಾಕಿದ್ರಂತೆ. ಅಪ್ಪನ ಯಜಮಾನ ಮೂರು ವರ್ಷ ಅದನ್ನೇ ಹೇಳಿ ಬೈದನಂತೆ."

ಕನ್ಯೆ ಎಂದರೆ ಆ ಊರಿನಲ್ಲಿ ಒಬ್ಬಳೇ. ಲೊರೇನ್ ಸೀಮೆಯ ರೈತನ ಮಗಳು. ದೇವರ ಧ್ವನಿ ಕೇಳಿ ಬಂದೆ ಎಂದವಳು, ಇಂಗ್ಲಿಷರ ಮುತ್ತಿಗೆ ಮುರಿದವಳು, ಆಮೇಲೆ ಅವರ ಕೈಗೆ ಸಿಕ್ಕಿ ಬೆಂಕಿಯಲ್ಲಿ ಬೆಂದವಳು. ಮುತ್ತಿಗೆ ಮುರಿದು ನಲವತ್ತಾರು ವರ್ಷ ತುಂಬಲು ಎರಡು ತಿಂಗಳು ಬಾಕಿಯಿತ್ತು.

ಬೀದಿಯಲ್ಲಿ ಸದ್ದಡಗಿತು. ಉದೀನ್ ಕಿಟಕಿಯಿಂದ ನೋಡಿದಳು. ಮುತ್ತಿಗೆಯ ಸಂಘದ ಯಜಮಾನ ಜೆರ್ವೇ ಪಾದ್ರಿಯ ಜೊತೆ ಬರುತ್ತಿದ್ದ. ಬಟ್ಟೆ ವ್ಯಾಪಾರಿ, ಅರವತ್ತೆಂಟು ವರ್ಷದವನು, ನೆಟ್ಟಗಿನ ಆಳು. ಹಿಂದೆ ನಾಲ್ವರು ನಾಲ್ಕು ಮೇಣದ ಪಂಜು ಹಿಡಿದಿದ್ದರು. ಪಂಜುಗಳನ್ನು ಇನ್ನೂ ಹಚ್ಚಿರಲಿಲ್ಲ.

ಮುತ್ತಿಗೆಯಲ್ಲಿ ಹೋರಾಡಿದವರು ಸತ್ತರೆ ಹೆಣದ ಮುಂದೆ ಆ ನಾಲ್ಕು ಪಂಜು ಉರಿಯುತ್ತ ಸಾಗುತ್ತವೆ. ದಾರಿಯಲ್ಲಿ ಎದುರಾದವರು, ಅವರು ಯಾರೇ ಇರಲಿ, ಟೋಪಿ ತೆಗೆಯಬೇಕು. ಬೆಳಿಗ್ಗೆ ಸಂಘಕ್ಕೆ ಹೇಳಿ ಕಳಿಸಿದವಳು ಉದೀನ್. ಅಪ್ಪ ಬದುಕಿದ್ದರೆ ಅದಕ್ಕೆ ಬಿಡುತ್ತಿರಲಿಲ್ಲ.

ಜೆರ್ವೇ ಒಳಗೆ ಬಂದು ಹೆಣದ ಮುಂದೆ ಶಿಲುಬೆಯ ಗುರುತು ಮಾಡಿದ. "ಪಟ್ಟಿಯಲ್ಲಿ ಇವನ ಹೆಸರಿಲ್ಲಮ್ಮ," ಎಂದ.

"ಗೊತ್ತು ಯಜಮಾನ್ರೇ. ಆದ್ರೆ ಅಪ್ಪ ಅಲ್ಲಿದ್ದ."

"ಅವತ್ತು ಅಲ್ಲಿ ಇಡೀ ಊರೇ ಇತ್ತು. ಇವನು ಗೋಡೆ ಹತ್ತಿದ, ಇಲ್ಲ ಆಯುಧ ಹಿಡಿದು ಹೊಡೆದ ಅಂತ ಒಬ್ಬ ಸದಸ್ಯ ಸುವಾರ್ತೆ ಪುಸ್ತಕ ಮುಟ್ಟಿ ಹೇಳ್ಲಿ. ಈಗಲೇ ಪಂಜು ಹಚ್ಚಿಸ್ತೀನಿ."

* * *

ಹದಿನೈದು ವರ್ಷದ ಹಿಂದೆ ಸಂಘದವರು ಸಂತೆಮಾಳದಲ್ಲಿ ಮೇಜು ಹಾಕಿಕೊಂಡು ಹೆಸರು ಬರೆದುಕೊಂಡಿದ್ದರು. ಉದೀನ್ ಹಟ ಹಿಡಿದು ಅಪ್ಪನನ್ನು ಸಾಲಿನಲ್ಲಿ ನಿಲ್ಲಿಸಿದ್ದಳು. ಹಟಕ್ಕೆ ಕಾರಣವಿತ್ತು. ಪ್ರತಿ ವರ್ಷ, ಮುತ್ತಿಗೆ ಮುರಿದ ದಿನವಾದ ಮೇ ಎಂಟರ ಮೆರವಣಿಗೆಯಲ್ಲಿ ಓರಗೆಯ ಹುಡುಗಿಯರ ಅಪ್ಪಂದಿರು ಪಂಜು ಹಿಡಿದು ನಡೆಯುತ್ತಿದ್ದರು. ಅವಳ ಅಪ್ಪ ರೊಟ್ಟಿ ಅಂಗಡಿಯ ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದ. "ನಿಮ್ಮಪ್ಪ ಅವತ್ತು ಮಾಡಿನ ಮೇಲೆ ಬೆಕ್ಕಿನ ಜೊತೆ ಅಡಗಿದ್ದನಂತೆ," ಎಂದು ಆ ಹುಡುಗಿಯರು ಹಾಡು ಕಟ್ಟಿದ್ದರು.

ಬರೆಯುವವನು ತಲೆ ಎತ್ತದೆ ಕೇಳಿದ. "ಹತ್ತಿದ್ಯಾ?"

"ಇಲ್ಲ."

"ಹೊಡೆದ್ಯಾ?"

"ಇಲ್ಲ. ಏಣಿ ಹಿಡ್ಕೊಂಡಿದ್ದೆ."

ಸಾಲಿನಲ್ಲಿ ಯಾರೋ ನಕ್ಕರು. "ನಾನು ಹೊರಗೆ ಕುದುರೆ ಹಿಡ್ಕೊಂಡಿದ್ದೆ, ನನ್ನ ಹೆಸರೂ ಬರ್ಕೊಳ್ಳಪ್ಪ," ಎಂದ ಇನ್ನೊಬ್ಬ.

"ಮುಂದಿನವರು," ಎಂದ ಬರೆಯುವವನು.

ತಿಬೋ ಟೋಪಿ ಹಾಕಿಕೊಂಡು ಹೊರಟ. "ಹತ್ತಿದೆ ಅಂದಿದ್ರೆ ಏನಾಗ್ತಿತ್ತು?" ಎಂದು ಅವಳು ಅತ್ತುಕೊಂಡು ಕೇಳಿದಾಗ, "ಹತ್ತಿಲ್ವಲ್ಲ ಮಗಾ," ಎಂದ. ಅವನ ದನಿಯಲ್ಲಿ ಬೇಸರ ಇರಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ.

* * *

ಮಿಶೋ ಅವಳ ತೋಳು ಹಿಡಿದು ಅಡಿಗೆಯ ಒಲೆಯ ಪಕ್ಕಕ್ಕೆ ಎಳೆದುಕೊಂಡು ಹೋದ. ಉಪವಾಸ ಕಾಲವಾದ್ದರಿಂದ ಬೇಳೆಯ ಗಂಜಿ ಕುದಿಯುತ್ತಿತ್ತು. ಉಪ್ಪುಮೀನಿನ ವಾಸನೆ ಬರುತ್ತಿತ್ತು.

"ನಾನು ಸದಸ್ಯ ತಾನೇ? ನಾನು ಹೇಳ್ತೀನಿ. ಹತ್ತಿದ, ಇಬ್ಬರು ಇಂಗ್ಲಿಷರನ್ನ ಕಂದಕಕ್ಕೆ ತಳ್ಳಿದ."

"ನೀನು ಅಲ್ಲಿದ್ಯಾ ಮಾವ?"

"ಸೇತುವೆ ಸುಡೋಕೆ ಅದರ ಕೆಳಗೆ ದೋಣಿಗೆ ಬೆಂಕಿ ಹಚ್ತಾ ಇದ್ದೆ. ಹೊಗೆಯಲ್ಲಿ ನನ್ನ ಕೈ ನಂಗೇ ಕಾಣ್ತಿರ್ಲಿಲ್ಲ. ಅದಕ್ಕೇನೀಗ? ಜೀವಮಾನವೆಲ್ಲ ಸುಳ್ಳು ಹೇಳಿ ಕುಡಿದಿದೀನಿ. ಸ್ನೇಹಿತನಿಗೋಸ್ಕರ ಒಂದು ಸುಳ್ಳು ಹೇಳಿದ್ರೆ ದೇವ್ರು ಅದನ್ನೊಂದೇ ಹಿಡ್ಕೊಂಡು ಕೂರ್ತಾನಾ?"

ಉದೀನ್ ಸೌಟು ತೆಗೆದು ಗಂಜಿ ತಿರುವಿದಳು. ಮಿಶೋ ಅದನ್ನೇ ಒಪ್ಪಿಗೆ ಎಂದುಕೊಂಡು ಹೆಣದ ಬಳಿಗೆ ಮರಳಿದ. ಪಾದ್ರಿ ಪುಸ್ತಕ ತೆರೆದು ಹಿಡಿದ. ಮಿಶೋ ತನ್ನ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಅವನ ಕೈ ಹಾಳೆಯ ಮೇಲೆ ಇಳಿಯುತ್ತಿತ್ತು. ಅವಳು ಬಟ್ಟೆಯಲ್ಲಿ ಸುತ್ತಿದ ಅಪ್ಪನನ್ನು ನೋಡಿದಳು. ಒಂದು ಹೆಂಚು ಕೂದಲೆಳೆ ಓರೆಯಾದರೂ ಕಿತ್ತು ಮತ್ತೆ ಹಾಕುತ್ತಿದ್ದ ಮನುಷ್ಯ.

"ಬೇಡ ಮಾವ. ಕೈ ತೆಗಿ."

"ಹುಚ್ಚಿ, ಪಂಜು ಹೋಗುತ್ತೆ ಕಣೇ!"

"ಹೋಗ್ಲಿ. ಅಪ್ಪ ಹತ್ತಲಿಲ್ಲ. ಹೊಡೀಲಿಲ್ಲ. ಏನು ಮಾಡಿದ ಅನ್ನೋದು ನಂಗೆ ಗೊತ್ತು. ಊರಲ್ಲಿ ಹೇಳ್ಬೇಡ ಅಂದಿದ್ದ. ಇವತ್ತು ಹೇಳ್ತೀನಿ."

* * *

ಅಪ್ಪ ಅದನ್ನು ಹೇಳಿದಾಗ ಅವಳಿಗೆ ಒಂಬತ್ತು ವರ್ಷ. ಅಪ್ಪನ ಸುತ್ತಿಗೆ ಮೇಲಕ್ಕೆ ಕೊಡಲು ಹೋಗಿ ನಾಲ್ಕನೆಯ ಮೆಟ್ಟಿಲಲ್ಲಿ ಕಾಲೇಳದೆ ನಿಂತುಬಿಟ್ಟಿದ್ದಳು. ಅಪ್ಪ ಇನ್ನೊಂದು ಕಡೆಯಿಂದ ಇಳಿದು ಬಂದು ಏಣಿ ಹಿಡಿದ.

"ನಂಗೇನೂ ಹೆದರಿಕೆ ಇಲ್ಲ," ಎಂದಳು.

"ಇದೆ. ಗಳ ಹೇಳ್ತಿದೆ." ಅವಳನ್ನು ಇಳಿಸಿ, ಪಕ್ಕದಲ್ಲಿ ಕೂರಿಸಿಕೊಂಡ. "ನೋಡು, ಗಾಳಿಗೆ ಏಣಿ ತೂಗುತ್ತೆ. ಭಾರಕ್ಕೆ ಬಾಗುತ್ತೆ. ಹೆದರಿಕೆ ಬೇರೆ. ಹೆದರಿದವರು ಮೇಲಿದ್ರೆ ಗಳ ಸಣ್ಣಗೆ ಮಿಡಿಯುತ್ತೆ, ಹಿಡಿದ ಹಕ್ಕಿಯ ಹಾಗೆ. ಅದನ್ನ ತಿಳಿಯೋಕೆ ಮೇಲೆ ನೋಡ್ಬೇಕಾಗಿಲ್ಲ."

ಆಮೇಲೆ ಅವನು ಹೇಳಿದ.

"ನಂಗಾಗ ಹದಿನೇಳು. ಸೈನ್ಯಕ್ಕೆ ಸೇರಿ ನಾಲ್ಕು ದಿನ. ಯಜಮಾನ ಏಣಿ ಕೊಟ್ಟು ಕಳಿಸಿದ್ದ. ಏಣಿ ವಾಪಸ್ ಬರ್ಬೇಕು ಅಂದ. ನಾನು ಬರ್ಬೇಕು ಅಂತ ಹೇಳ್ಲಿಲ್ಲ."

"ಕನ್ಯೆ ಹೇಗಿದ್ಲು ಅಪ್ಪ?"

"ಮುಖ ನೋಡ್ಲಿಲ್ಲ."

"ಎಲ್ಲರೂ ನೋಡಿದಾರೆ!"

"ನಾನು ನೋಡ್ಲಿಲ್ಲ. ಪಾಪನಿವೇದನೆ ಮಾಡದೆ ಯಾರೂ ಹೋರಾಟಕ್ಕೆ ಬರ್ಕೂಡ್ದು ಅಂತ ಅವಳ ಅಪ್ಪಣೆ. ಅದಕ್ಕೆ ಸಾಲಲ್ಲಿ ನಿಂತಿದ್ದೆ. ಯಜಮಾನನ ಮೊಳೆ ಕದ್ದಿದ್ದೆ ನೋಡು. ಎಂಟೋ ಒಂಬತ್ತೋ ಅಂತ ನೆನಪು ಮಾಡ್ಕೊಳ್ತಿದ್ದೆ. ಅಷ್ಟರಲ್ಲಿ ಅವಳು ಕುದುರೆ ಮೇಲೆ ಆಚೆ ಹೋಗಿಬಿಟ್ಟಿದ್ಲು."

ಹೊಳೆಯ ಆಚೆ ದಡದ ಕೋಟೆಯ ಮುಂದೆ ಮಣ್ಣಿನ ಗೋಡೆ, ಅದರ ಮುಂದೆ ಆಳದ ಕಂದಕ. ಬೆಳಿಗ್ಗೆಯಿಂದ ಏಣಿ ಹಾಕಿದ್ದೇ ಹಾಕಿದ್ದು, ಇಂಗ್ಲಿಷರು ತಳ್ಳಿದ್ದೇ ತಳ್ಳಿದ್ದು. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಒಂದು ಏಣಿಯೂ ನಿಂತಿರಲಿಲ್ಲ. ತಿಬೋ ಕಂದಕದ ಕೆಸರಿನಲ್ಲಿ ತನ್ನ ಏಣಿಯ ಬುಡ ಊರಿ, ಕೆಳಗಿನ ಮೆಟ್ಟಿಲ ಮೇಲೆ ಕಾಲಿಟ್ಟು, ಎರಡು ಗಳವನ್ನೂ ಹಿಡಿದು ನಿಂತ. ಮಣ್ಣು, ಕಲ್ಲು, ಕುದಿಯುವ ಎಣ್ಣೆ ಮೇಲಿಂದ ಬೀಳುತ್ತಿದ್ದುದರಿಂದ ತಲೆ ತಗ್ಗಿಸಿದ್ದ.

"ಆಗ ಒಂದು ಕೈ ನನ್ನ ಭುಜವನ್ನ ಪಕ್ಕಕ್ಕೆ ಸರಿಸ್ತು. ಕಬ್ಬಿಣದ ಕೈ. ಕಬ್ಬಿಣದ ಕಾಲು ಮೆಟ್ಟಿಲ ಮೇಲೆ ಬಂತು. ಭಾರ ನೋಡಿ, ಕವಚ ಹಾಕಿದ ಹುಡುಗ ಅಂದ್ಕೊಂಡೆ. ಮೂರನೇ ಮೆಟ್ಟಿಲಿಗೆ ದನಿ ಕೇಳ್ತು. ಯೇಸು, ಮರಿಯಾ. ಪ್ರತಿ ಮೆಟ್ಟಿಲಿಗೂ ಅದೇ. ಯೇಸು, ಮರಿಯಾ. ಹೆಣ್ಣು ದನಿ."

"ಆಮೇಲೆ?"

ಅಪ್ಪ ಸ್ವಲ್ಪ ಹೊತ್ತು ತನ್ನ ಅಂಗೈಗಳನ್ನು ನೋಡಿದ.

"ಗಳ ಮಿಡೀತಿತ್ತು ಮಗಾ. ನಾನು ಮಾಡಿನ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು, ಹೆದರಿ ಹತ್ತಿದವರನ್ನ ಬೇಕಾದಷ್ಟು ನೋಡಿದ್ದೆ. ಆ ಥರ ಮಿಡಿದದ್ದು ನೋಡಿರ್ಲಿಲ್ಲ. ನನ್ನ ಹಲ್ಲು ಕಟಕಟ ಅಂದ್ವು. ಈಗ ನಿಲ್ತಾಳೆ, ಈಗ ನಿಲ್ತಾಳೆ ಅಂತ ನಾನು. ಅಷ್ಟು ನಡುಗಿದವರು ನಿಂತೇ ನಿಲ್ತಾರೆ, ಈಗ ನೀನು ನಿಂತ್ಯಲ್ಲ ಹಾಗೆ. ಅವಳು ನಿಲ್ಲಲಿಲ್ಲ. ಒಂದೇ ಒಂದು ಮೆಟ್ಟಿಲಲ್ಲೂ. ಬಾಣ ಬಿದ್ದು ಅವಳನ್ನ ಕೆಳಗೆ ಉರುಳಿಸೋವರೆಗೂ."

ಅವಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

"ಅವಳಿಗೆ ಹೆದರಿಕೆಯೇ ಇರ್ಲಿಲ್ಲ ಅಂತ ಊರಲ್ಲಿ ಹೇಳ್ತಾರೆ. ಹೇಳ್ಕೊಳ್ಳಿ. ಅವರು ಮೇಲೆ ನೋಡ್ತಿದ್ರು. ನಂಗೆ ಮಾತ್ರ ಇವತ್ತಿಗೂ ಆ ಏಣಿ ನೆನೆಸ್ಕೊಂಡ್ರೆ ಮೊಣಕಾಲು ಊರಬೇಕು ಅನ್ಸುತ್ತೆ." ಅವನು ಎದ್ದು ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟ. "ಹೂಂ, ಹತ್ತು. ನಡುಗಿದ್ರೆ ನಡುಗು. ನಾನು ಹಿಡ್ಕೊಂಡಿದೀನಿ."

* * *

ಉದೀನ್ ಹೇಳಿ ಮುಗಿಸಿದಾಗ ಗಂಜಿ ಒಲೆಗೆ ಉಕ್ಕುತ್ತಿತ್ತು. ಯಾರೂ ಇಳಿಸಲಿಲ್ಲ.

"ಬಾಯಿ ತೊಳ್ಕೊಳ್ಳೇ!" ಎಂದಳು ಮಾಬೀಲ್ ಅತ್ತೆ. "ಕನ್ಯೆ ನಡುಗಿದ್ಲಂತೆ! ದೇವದೂತರು ಕೈ ಹಿಡಿದು ಹತ್ತಿಸಿದವಳು ನಡುಗ್ತಾಳಾ? ನಿಮ್ಮಪ್ಪನ ಕೈಯೇ ನಡುಗಿರ್ಬೇಕು."

ಎಲ್ಲರೂ ಜೆರ್ವೇಯತ್ತ ತಿರುಗಿದರು. ಆ ದಿನ ಅವಳ ಹಿಂದೆಯೇ ಏಣಿ ಹತ್ತಿದವನು ಅವನು. ಊರಿಗೆಲ್ಲ ಗೊತ್ತಿದ್ದ ಮಾತು. ಪ್ರತಿ ಮೇ ಎಂಟರಂದು ಮೆರವಣಿಗೆ ನಿಂತಾಗ ಅವನೇ ಕತೆ ಹೇಳುತ್ತಿದ್ದ. ಅವಳು ದೇವರ ಪೀಠಕ್ಕೆ ನಡೆದು ಹೋಗುವ ಹಾಗೆ ಹತ್ತಿದಳು ಎನ್ನುವುದು ಅದರಲ್ಲಿ ಒಂದು ಸಾಲು.

ಜೆರ್ವೇ ಹೆಣದತ್ತ ನೋಡಿದ. ಆಮೇಲೆ ಕೇಳಿದ, "ಆಕೆಯ ಹಿಂದೆ ಹತ್ತಿದವನ ಬಗ್ಗೆ ಏನಾದ್ರೂ ಹೇಳಿದ್ನಾ ನಿಮ್ಮಪ್ಪ?"

"ಮುಖ ನೋಡ್ಲಿಲ್ಲವಂತೆ. ಕಾಲು ಮಾತ್ರ ಕಂಡಿದ್ದು. ಎಡಗಾಲಿನ ಜೋಡಿನ ಅಟ್ಟೆ ಕಿತ್ತಿತ್ತಂತೆ. ಅದಕ್ಕೆ ಸೆಣಬಿನ ಹಗ್ಗ ಸುತ್ತಿತ್ತಂತೆ, ಎರಡು ಸುತ್ತು."

ಜೆರ್ವೇ ತನ್ನ ಕಾಲಿನತ್ತ ನೋಡಿದ. ಮೆತ್ತನೆಯ ತೊಗಲಿನ ಒಳ್ಳೆಯ ಜೋಡು.

"ಮೂರು," ಎಂದ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ಮೂರು ಸುತ್ತು. ಕೆಳಗಿನಿಂದ ನೋಡಿದ್ರೆ ಎರಡೇ ಕಾಣೋದು." ತಲೆ ಎತ್ತಿದ. "ಈ ಮಾತನ್ನ ನಾನು ಯಾರಿಗೂ ಹೇಳಿಲ್ಲ. ಹೆಂಡತಿಗೂ."

ಮಾಬೀಲ್ ಅತ್ತೆ ಬಾಯಿಗೆ ಕೈ ಹಿಡಿದಳು. ಮಿಶೋ ಟೋಪಿ ತೆಗೆದ.

"ಅಂದ್ರೆ ಪಂಜು ಹಚ್ಚಬಹುದು," ಎಂದ ಪಾದ್ರಿ ಮೆಲ್ಲಗೆ.

ಜೆರ್ವೇ ಅಡ್ಡಡ್ಡ ತಲೆಯಾಡಿಸಿದ. "ಹತ್ತಿದವರು, ಹೊಡೆದವರು ಅಂತಿದೆ ನಿಯಮ. ಹಿಡಿದವರು ಅಂತ ಇಲ್ಲ. ಬರೆದವನು ನಾನೇ. ಹಚ್ಚೋ ಹಾಗಿಲ್ಲ."

"ಥೂ, ನಿನ್ನ ನಿಯಮಕ್ಕಿಷ್ಟು!" ಎಂದು ಮಿಶೋ ಉಗಿದ. "ಅದನ್ನ ಸುತ್ತಿ ನಿನ್ನ ಅಂಗಡೀಲಿ ಮಾರ್ಕೋ!"

"ಬಿಡು ಮಾವ," ಎಂದಳು ಉದೀನ್. "ಅಪ್ಪನೂ ಇದನ್ನೇ ಹೇಳ್ತಿದ್ದ." ಇಗರ್ಜಿಯ ಗಂಟೆ ಹೊಡೆಯತೊಡಗಿತು. ಕೆಲಸಗಾರರು ತಿಬೋನನ್ನು ಏಣಿಯ ಮೇಲೆ ಮಲಗಿಸಿ, ಎದೆಗೆ, ಸೊಂಟಕ್ಕೆ, ಕಾಲಿಗೆ ಹಗ್ಗ ಕಟ್ಟಿದರು. ನಾಲ್ವರೂ ಬಗ್ಗಿದರು.

"ನಿಲ್ಲಿ," ಎಂದ ಜೆರ್ವೇ.

ಅವನು ಕೈಗವಸುಗಳನ್ನು ಕಳಚಿ ಸೊಂಟಪಟ್ಟಿಗೆ ಸಿಕ್ಕಿಸಿದ. ಮುಂದೆ, ಏಣಿಯ ಬುಡದ ಬಲಬದಿಯಲ್ಲಿ ಬಗ್ಗಿದ್ದ ಕೆಲಸಗಾರನ ಭುಜವನ್ನು ಪಕ್ಕಕ್ಕೆ ಸರಿಸಿ, ಅಲ್ಲಿ ತಾನು ಬಗ್ಗಿದ.

"ನಿಮಗೆ ಆಗಲ್ಲ ಯಜಮಾನ್ರೇ, ಭಾರ ಇದೆ," ಎಂದ ಆ ಕೆಲಸಗಾರ.

"ಗೊತ್ತು."

ಎತ್ತಿದರು. ಓರೆ ಮಾಡಿ ಬಾಗಿಲು ದಾಟಿಸಿದರು, ಚೌಕಟ್ಟಿಗೆ ತಾಗಲಿಲ್ಲ. ಹಚ್ಚದ ನಾಲ್ಕು ಪಂಜುಗಳು ಏನು ಮಾಡಬೇಕೆಂದು ತಿಳಿಯದೆ ಹಿಂದಿನಿಂದ ಬಂದವು. ರೊಟ್ಟಿ ಅಂಗಡಿಯ ಮೂಲೆಯಲ್ಲಿ ನಿಂತಿದ್ದವರು ಏಣಿ ಹೊತ್ತವರಲ್ಲಿ ಜೆರ್ವೇಯನ್ನು ಕಂಡು ಒಬ್ಬೊಬ್ಬರಾಗಿ ಟೋಪಿ ತೆಗೆದರು.

ಉದೀನ್ ಪಕ್ಕದಲ್ಲಿ ನಡೆಯುತ್ತಿದ್ದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಬಲಬದಿಯ ಗಳದ ಮೇಲೆ ಇಟ್ಟಳು. ಹೊತ್ತ ಇತರ ಮೂವರು ದಿನವೂ ಕಲ್ಲುಹೆಂಚು ಹೊರುವವರು, ಅವರ ಹೆಜ್ಜೆ ಒಂದೇ ಸಮ ಬೀಳುತ್ತಿತ್ತು. ಗಾಳಿ ಇರಲಿಲ್ಲ. ಏಣಿ ತೂಗಲಿಲ್ಲ, ಬಾಗಲೂ ಇಲ್ಲ.

ಅಂಗೈಯ ಕೆಳಗೆ ಗಳ ಸಣ್ಣಗೆ ಮಿಡಿಯುತ್ತಿತ್ತು.

ಅವಳು ಜೆರ್ವೇಯತ್ತ ನೋಡಲಿಲ್ಲ. ತಲೆ ತಗ್ಗಿಸಿ, ಗಳವನ್ನು ಗಟ್ಟಿಯಾಗಿ ಹಿಡಿದುಕೊಂಡು ನಡೆದಳು.