ಟ್ರಂಕಿನೊಳಗಿನ ಮರಿ

ಗಂಡನ ಹೆಸರು ಹೇಳಬಾರದಂತೆ. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ಹೇಳಿಯೇ ಬಿಡುತ್ತೇನೆ: ಅಣವೀರಪ್ಪ. ಪರೇಲಿನ ಗಿರಣಿಯಲ್ಲಿ ಹತ್ತಿ ಹಿಂಜುವ ಖಾತೆಯ ಕೆಲಸ. ನಾನು ಗುರುಬಾಯಿ, ಮದುವೆಯಾಗಿ ಹದಿನಾರು ವರ್ಷವಾದರೂ ಮಡಿಲು ತುಂಬದವಳು. ಊರಲ್ಲಿ ನಮ್ಮತ್ತೆ ಮಗನಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಳು, ಪುಣ್ಯಾತ್ಗಿತ್ತಿ.

ಅರವತ್ತೆಂಟರಲ್ಲಿ ನಮ್ಮವರು ಎರಡು ಸಾವಿರ ರೂಪಾಯಿ ಕೊಟ್ಟು ಯೂನಿಟ್ ಕೊಂಡರು. ಎಲ್ಲರ ದುಡ್ಡು ಕೂಡಿಸಿ ಕಂಪನಿಗಳಲ್ಲಿ ಹಾಕಿ, ವರ್ಷಕ್ಕೊಮ್ಮೆ ಬಂದ ಲಾಭವನ್ನು ಡಿವಿಡೆಂಡ್ ಎಂದು ಹಂಚುತ್ತಾರಂತೆ. ಮೊದಲ ವರ್ಷ ಚೆಕ್ ಬಂತು, ನನಗೊಂದು ಇಳಕಲ್ ಸೀರೆ ಬಂತು. ಆಮೇಲೆ ಏಳು ವರ್ಷ ಬಿಡಿಗಾಸಿಲ್ಲ. ನಮ್ಮಂತೆಯೇ ಯೂನಿಟ್ ಕೊಂಡ ಪಕ್ಕದ ಖೋಲಿಯ ಸೇವಂತಿಗೆ ಪ್ರತಿ ಮಳೆಗಾಲಕ್ಕೆ ಚೆಕ್, ನಮಗೆ ಬರೀ ಒಂದು ಕಾಗದ. ಅದನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

"ರೊಕ್ಕ ಎಲ್ಲಿ ಹೋತ್ರಿ?" ಎಂದರೆ, "ಸುಮ್ನ ಕುಂದ್ರ, ನಿನಗ ತಿಳಿಯಂಗಿಲ್ಲ" ಎಂದು ಕೆಮ್ಮುತ್ತಿದ್ದರು. ಹಿಂಜುವ ಖಾತೆಯವರೆಲ್ಲ ಕೆಮ್ಮುತ್ತಾರೆ, ನಾನು ಲಕ್ಷ್ಯ ಕೊಡಲಿಲ್ಲ.

ಎಪ್ಪತ್ತಾರರ ಜುಲೈ. ನಳದ ನೀರು ತರುವಾಗ ಚಾಳಿನ ಮೆಟ್ಟಿಲ ಕೆಳಗೆ ಅವರ ದನಿ ಕೇಳಿ ನಿಂತೆ. ಗಿರಣಿಯ ಗೆಳೆಯ ದಾನಪ್ಪನಿಗೆ ಹೇಳುತ್ತಿದ್ದರು:

"ಮರಿ ಚಲೋ ಬೆಳದೈತೋ. ಏಳು ವರ್ಷ ಆತು. ಅಕಿಗೆ ಗೊತ್ತಾಗಬಾರದು ನೋಡು."

"ಒಂದಿನ ಹೇಳಾಕ ಬೇಕಲ್ಲೋ?"

"ನಾ ಸತ್ತ ಮ್ಯಾಲ ತಾನ ಗೊತ್ತಾಗತೈತಿ."

ಏಳು ವರ್ಷದ ಮರಿ! ಅದರ ತಾಯಿಯನ್ನು ಎಲ್ಲಿಟ್ಟಿದ್ದಾರೆ, ಬೈಕುಲ್ಲಾದಲ್ಲೋ? ನನ್ನ ಸೀರೆಯ ದುಡ್ಡು ಆ ಮಗುವಿನ ಹಾಲಿಗೆ ಹೋಗುತ್ತಿದೆ! ಇವತ್ತಲ್ಲ ನಾಳೆ ನನ್ನನ್ನು ಹೊರಗೆ ಹಾಕುವುದು ಖಂಡಿತ ಎನಿಸಿತು.

ಮರುದಿನ ಅವರು ಪಾಳಿಗೆ ಹೋದದ್ದೇ ತಡ, ಗುಂಡುಕಲ್ಲಿನಿಂದ ಬೀಗ ಒಡೆದೆ. ಕಾಗದಗಳನ್ನೆಲ್ಲ ಬಾಚಿಕೊಂಡು ಮೇಲಿನ ಮಾಳಿಗೆಯ ಶೇಖರನ ಹತ್ತಿರ ಓಡಿದೆ. ಮೈಸೂರು ಕಡೆಯವನು, ಬ್ಯಾಂಕಿನ ಗುಮಾಸ್ತ, ಅಂದು ರಜೆಯಲ್ಲಿದ್ದ.

"ಎಲ್ಲಾ ನಿಮ್ಮ ಹೆಸರಲ್ಲೇ ಇದೆಯಲ್ಲಮ್ಮ! ಹೆಬ್ಬೆಟ್ಟೂ ನಿಮ್ದೇ. ಡಿವಿಡೆಂಡ್ ಕೈಗೆ ತಗೊಳ್ದೆ ಅದರಲ್ಲೇ ಮತ್ತೆ ಯೂನಿಟ್ ಕೊಂಡಿದಾರೆ. ಆ ಹೊಸ ಯೂನಿಟ್ಟಿಗೂ ಮುಂದಿನ ವರ್ಷ ಡಿವಿಡೆಂಡ್. ಇನ್ನೂರು ಯೂನಿಟ್ ಇದ್ದದ್ದು ಮುನ್ನೂರನಲವತ್ತಾಗಿದೆ. ಮುಟ್ಟದೆ ಬಿಟ್ಟಷ್ಟೂ ಬೆಳೆಯುತ್ತೆ."

ರೇಷನ್ ಕಾರ್ಡಿಗೆಂದು ಸುಳ್ಳು ಹೇಳಿ ಒತ್ತಿಸಿಕೊಂಡ ಹೆಬ್ಬೆಟ್ಟು! ಅವರದು ಕುರಿ ಕಾಯುವ ಮನೆತನ. ದುಡ್ಡಿಗೆ ಹುಟ್ಟಿದ ದುಡ್ಡನ್ನು ಮರಿ ಎಂದಿದ್ದರು. ನಾಚಿಕೆಯಾಯಿತು, ನಗುವೂ ಬಂತು.

ಶೇಖರ ನಗಲಿಲ್ಲ. ಕೊನೆಯ ಕಾಗದವನ್ನು ಎರಡು ಸಲ ಓದಿದ.

"ಇದು ಆಸ್ಪತ್ರೇದಮ್ಮ. ಹತ್ತಿ ಧೂಳಿಂದ ಶ್ವಾಸಕೋಶ ಕೆಟ್ಟಿದೆ, ಕೂಡಲೇ ಗಿರಣಿ ಬಿಡಬೇಕು ಅಂತಿದೆ. ಎಪ್ಪತ್ತರ ಜೂನ್."

ಚೆಕ್ ಬರುವುದು ನಿಂತದ್ದೂ ಆ ವರ್ಷವೇ.

ಸಂಜೆ ಅವರು ಒಡೆದ ಬೀಗ ನೋಡಿದರು.

"ಎಲ್ಲಾ ಮಾರೂಣ್ರಿ. ಗಿರಣಿ ಬಿಡ್ರಿ," ಎಂದು ಅವರ ಕಾಲು ಹಿಡಿದುಕೊಂಡೆ.

"ಹುಚ್ಚಿ, ಈಗ ಮಾರಿದ್ರ ಎರಡು ವರ್ಷ ಉಣ್ಣಬೌದು. ಇನ್ನ ಹತ್ತು ವರ್ಷ ಬಿಟ್ರ ನಿನ್ನ ಮುಪ್ಪಿಗೆ ಆಗತೈತಿ."

"ಹತ್ತು ವರ್ಷ ನೀವು ಇರ್ತೀರೇನು?"

"ಅದು ನಾ ಇರಾಕ ಅಲ್ಲ," ಎಂದರು. ರಾತ್ರಿಯೆಲ್ಲ ಕೆಮ್ಮಿದರು, ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದಾಗ ಎದ್ದು ಹೋದರು.

ಹೆಸರು ನನ್ನದು, ಹೆಬ್ಬೆಟ್ಟು ನನ್ನದು, ಇವರನ್ನೇನು ಕೇಳುವುದು! ವಾರದೊಳಗೆ ಶೇಖರ ಮಾರುವ ಫಾರ್ಮ್ ತಂದು ತುಂಬಿದ, ನನ್ನ ಹೆಬ್ಬೆರಳಿಗೆ ಶಾಯಿ ಹಚ್ಚಿದ. ಅಷ್ಟರಲ್ಲಿ ದಾನಪ್ಪ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಪಾಳಿ ಮುಗಿಯಲು ಇನ್ನೂ ಮೂರು ತಾಸಿತ್ತು. ಅವನ ಕೈಯಲ್ಲಿ ನಮ್ಮವರ ಊಟದ ಡಬ್ಬಿಯಿತ್ತು, ಅದನ್ನು ಬಿಚ್ಚಿರಲಿಲ್ಲ.